ನಾಲ್ಕು ವಿಷಯ ಓದಬೇಕೆಂದರೆ ಒಂದು ಪ್ರಕರಣ ಹಿಡಿಯಿರಿ

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕ್ರೀಡೆ, ತಂತ್ರಜ್ಞಾನ, ರಾಜಕೀಯ, ಆರ್ಥಿಕತೆ ಈ ನಾಲ್ಕರ ಬಗ್ಗೆಯೂ ಇತ್ತೀಚೆಗೆ ಬಂದಿರುವ ಒಳ್ಳೆಯದನ್ನು ಓದಬೇಕು ಅಂತ ಆಸೆ. ಮೊಬೈಲ್ ತೆರೆದರೆ ರಾಶಿ ರಾಶಿ ಬರಹ, ಯಾವುದು ಗಟ್ಟಿ ಯಾವುದು ಜೊಳ್ಳು ತಿಳಿಯುವುದಿಲ್ಲ. ರಾತ್ರಿ ಊಟ ಆದಮೇಲೆ ಮುಕ್ಕಾಲು ಗಂಟೆ ಸಿಗುತ್ತದೆ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಏನಾದರೂ ಸಿಗುತ್ತದಾ?

ಉತ್ತರ:

ಮೇಷ್ಟ್ರೇ, ನಾಲ್ಕು ವಿಷಯಕ್ಕೆ ನಾಲ್ಕು ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಅಂಥ ಪಟ್ಟಿಯನ್ನು ಯಾರೂ ಮುಗಿಸುವುದಿಲ್ಲ. ನನ್ನ ಸಲಹೆ ಬೇರೆ. ನಾಲ್ಕೂ ವಿಷಯ ಗಂಟು ಬಿದ್ದಿರುವ ಒಂದೇ ಪ್ರಕರಣ ಹಿಡಿಯಿರಿ. ಅದರ ಮೂಲ ಕಾಗದಪತ್ರಗಳನ್ನೇ ಓದಿ. ಯಾರೋ ಬರೆದ ವಿಶ್ಲೇಷಣೆ ಆಮೇಲೆ ಓದಿದರಾಯಿತು.

ಅಂಥ ಪ್ರಕರಣ ಈಗ ಕಣ್ಣೆದುರಿಗೇ ಇದೆ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟ: ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ (ನಿಜವಾದ ಪಂದ್ಯದ ಆಟಗಾರರನ್ನು ಆರಿಸಿ ಮೊಬೈಲಿನಲ್ಲಿ ನಮ್ಮದೇ ತಂಡ ಕಟ್ಟುವ ಆಟ). 2025ರ ಆಗಸ್ಟ್‌ನಲ್ಲಿ ಸಂಸತ್ತು ಇದನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಿತು. ಅದರ ಬೆನ್ನಿಗೇ ಭಾರತ ಕ್ರಿಕೆಟ್ ತಂಡದ ಜೆರ್ಸಿಯಿಂದ ಪ್ರಾಯೋಜಕರ ಹೆಸರು ಹೋಯಿತು. ಬೆಂಗಳೂರಿನಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನಿಮ್ಮ ಕ್ಲಾಸಿನಲ್ಲಿ ಕೂತಿರುವ ಹುಡುಗರಲ್ಲಿ ಒಬ್ಬಿಬ್ಬರಾದರೂ ಈ ಆಟ ಆಡಿರುತ್ತಾರೆ. ಹಾಗಾಗಿ ಓದಿದ್ದು ಪಾಠಕ್ಕೂ ಬರುತ್ತದೆ.

ಮೊದಲು ಕಾಯ್ದೆಯನ್ನೇ ಓದಿ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025. ಹೆಸರು ಉದ್ದ, ಕಾಯ್ದೆ ಚಿಕ್ಕದು. ಒಂದು ರಾತ್ರಿಗೆ ಮುಗಿಯುತ್ತದೆ. ಪೂರ್ತಿ ಓದಲು ಆಗದಿದ್ದರೆ ಸೆಕ್ಷನ್ 2ರ ವ್ಯಾಖ್ಯೆಗಳು, ಆಮೇಲೆ 5, 6, 7 ಸಾಕು. 5ರಲ್ಲಿ ಹಣದ ಆಟ ನಡೆಸುವುದಕ್ಕೆ ನಿಷೇಧ, 6ರಲ್ಲಿ ಜಾಹೀರಾತಿಗೆ, 7ರಲ್ಲಿ ಅದಕ್ಕಾಗಿ ಹಣ ವರ್ಗಾವಣೆಗೆ. ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವರಿಗೆ ಶಿಕ್ಷೆ ಇಲ್ಲ. ಆಡುವವನು ನೊಂದವನು ಎಂದು ಈ ಕಾಯ್ದೆ ನೋಡುತ್ತದೆ. ಇದು ನನಗೆ ಸರಿ ಕಾಣುತ್ತದೆ. ಸಾಲ ಮಾಡಿ ಸೋತ ಹುಡುಗನನ್ನು ಠಾಣೆಗೆ ಎಳೆದರೆ ಯಾರಿಗೂ ಉಪಯೋಗವಿಲ್ಲ.

ಓದುವಾಗ ಒಂದು ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಹಣದ ಆಟ ಎಂದರೆ ಏನು ಅನ್ನುವಾಗ ಕಾಯ್ದೆ, ಅದು ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಎರಡೂ ಬೆರೆತದ್ದಾಗಿರಲಿ, ಎನ್ನುತ್ತದೆ. ದುಡ್ಡು ಕಟ್ಟಿ, ಗೆದ್ದರೆ ದುಡ್ಡು ಬರುತ್ತದೆ ಎಂದು ಆಡಿದರೆ ಮುಗಿಯಿತು. ಈ ಪ್ರಕರಣದ ಜುಟ್ಟು ಇರುವುದು ಇಲ್ಲೇ. ಯಾಕೆಂದರೆ ಆರು ದಶಕಕ್ಕೂ ಜಾಸ್ತಿ ಕಾಲ ನಮ್ಮ ಕೋರ್ಟುಗಳು ಬೇರೆಯದೇ ಗೆರೆ ಎಳೆದಿದ್ದವು. ಕೌಶಲ ಮುಖ್ಯವಾದ ಆಟ ಜೂಜಲ್ಲ, ಅದೃಷ್ಟ ಮುಖ್ಯವಾದರೆ ಜೂಜು, ಅಂತ. ಹೊಸ ಕಾಯ್ದೆ ಆ ಗೆರೆಯನ್ನೇ ಅಳಿಸಿಬಿಟ್ಟಿದೆ.

ಆ ಗೆರೆ ಎಲ್ಲಿಂದ ಬಂತು ಅಂತ ತಿಳಿಯಲು ಎರಡನೆಯದಾಗಿ 1957ಕ್ಕೆ ಹೋಗಿ. ಇತ್ತೀಚಿನದು ಕೇಳಿದರೆ ಹಳೆಯದು ಹೇಳುತ್ತೀರಲ್ಲ ಅನ್ನಬೇಡಿ. ಈ ತೀರ್ಪು ಓದದೆ 2025 ಅರ್ಥವಾಗುವುದಿಲ್ಲ. ಬಾಂಬೆ ರಾಜ್ಯ ಮತ್ತು ಆರ್‌.ಎಂ.ಡಿ. ಚಮರ್‌ಬಾಗ್‌ವಾಲಾ ನಡುವಿನ ಪ್ರಕರಣ. ಇದರ ಬೇರು ಇರುವುದು ಬೆಂಗಳೂರಿನಲ್ಲಿ! ಆಗ ಇಲ್ಲಿಂದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು. ಹೆಸರಿನಲ್ಲಿ ಆಟವಿದ್ದರೂ ಅದರ ಆಕರ್ಷಣೆ ಪದಬಂಧದ ಬಹುಮಾನ ಸ್ಪರ್ಧೆ. ಬಾಂಬೆ ರಾಜ್ಯದ ಜನ ಶುಲ್ಕ ಕಟ್ಟಿ ಉತ್ತರ ತುಂಬಿ ಕಳಿಸುತ್ತಿದ್ದರು. ಬಾಂಬೆ ಸರ್ಕಾರ 1952ರಲ್ಲಿ ತನ್ನ ಕಾನೂನು ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಯ ಸ್ಪರ್ಧೆಗೂ ತೆರಿಗೆ ಹಾಕಿತು. ನಾವು ಮೈಸೂರು ರಾಜ್ಯದವರು, ನಿಮ್ಮ ತೆರಿಗೆ ನಮಗೇಕೆ, ನಮ್ಮದು ವ್ಯಾಪಾರ, ವ್ಯಾಪಾರದ ಸ್ವಾತಂತ್ರ್ಯ ಸಂವಿಧಾನವೇ ಕೊಟ್ಟಿದೆ, ಎಂದು ಕಂಪನಿ ವಾದಿಸಿತು.

ಈಗ ಪತ್ರಿಕೆ ಇರುವ ಕಡೆ ಆ್ಯಪ್ ಇಟ್ಟು ನೋಡಿ. ಒಂದು ಊರಲ್ಲಿ ಕಂಪನಿ, ಇನ್ನೊಂದು ಊರಲ್ಲಿ ಆಡುವವರು, ತೆರಿಗೆ ಯಾರದು, ಇದು ವ್ಯಾಪಾರವೋ ಜೂಜೋ. 2025ರಲ್ಲಿ ಕೋರ್ಟಿನಲ್ಲಿ ಕೇಳಿಬಂದ ವಾದಗಳಲ್ಲಿ ಹಲವು ಅಲ್ಲಿ ಆಗಲೇ ಇವೆ. ಮುಖ್ಯ ನ್ಯಾಯಮೂರ್ತಿ ಎಸ್‌.ಆರ್‌. ದಾಸ್ ಬರೆದ ಆ ತೀರ್ಪಿನಲ್ಲಿ ನಾಲ್ಕೈದು ಪ್ಯಾರಾ ಬಹಳ ಸ್ವಾರಸ್ಯದ್ದು. ಪದಬಂಧಕ್ಕೆ ಭಾಷೆಯ ಜ್ಞಾನ ಬೇಕು, ನಿಜ. ಆದರೆ ಗೆಲ್ಲುವುದು ಸರಿಯಾದ ಪದ ಬರೆದವನಲ್ಲ, ಸಂಘಟಕರು ಮೊದಲೇ ಆರಿಸಿಟ್ಟ ಪದಕ್ಕೆ ಹೊಂದುವ ಪದ ಬರೆದವನು. ಹಾಗಾದರೆ ಅದು ಜ್ಞಾನದ ಮಾತಲ್ಲ, ಅದೃಷ್ಟದ ಮಾತು. ಹೀಗೆ ಕೋರ್ಟ್ ಆಟದ ಹೊಟ್ಟೆ ಸೀಳಿ ನೋಡುತ್ತದೆ. ಅದು ಜೂಜು, ಜೂಜಿಗೆ ವ್ಯಾಪಾರದ ಹಕ್ಕಿನ ರಕ್ಷಣೆ ಇಲ್ಲ, ಬಾಂಬೆ ತೆರಿಗೆ ಹಾಕಬಹುದು, ಎಂದು ತೀರ್ಪಾಯಿತು.

ಆಮೇಲಿನ ತೀರ್ಪುಗಳನ್ನು ಇಷ್ಟು ಬಿಡಿಸಿ ಓದಬೇಕಿಲ್ಲ. ಆಂಧ್ರದ ಒಂದು ಕ್ಲಬ್ಬಿನ ಪ್ರಕರಣದಲ್ಲಿ ರಮ್ಮಿಗೆ ಮುಖ್ಯವಾಗಿ ಕೌಶಲ ಬೇಕು, ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಗೊತ್ತಿರಬೇಕು, ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಪುಸ್ತಕಗಳಲ್ಲಿ ಅದು 1968ರ ತೀರ್ಪು ಎಂದೇ ಪ್ರಸಿದ್ಧ. 1996ರಲ್ಲಿ ಕುದುರೆ ಜೂಜಿಗೂ ಕೌಶಲದ ಪಟ್ಟ ಸಿಕ್ಕಿತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಡ್ರೀಮ್11 ಮಾದರಿಯ ಫ್ಯಾಂಟಸಿ ಆಟವೂ ಕೌಶಲದ್ದೇ ಎಂದಿತು. ಇಸ್ಪೀಟ್ ಕ್ಲಬ್ಬಿನಿಂದ ಮೊಬೈಲಿಗೆ ಬಂದ ಈ ದಾರಿಯೇ ಸಾವಿರಾರು ಕೋಟಿಯ ಉದ್ಯಮಕ್ಕೆ ಅಡಿಪಾಯವಾಯಿತು.

ನಮ್ಮ ಹೈಕೋರ್ಟಿನ 2022ರ ಫೆಬ್ರುವರಿ 14ರ ತೀರ್ಪನ್ನು ಮಾತ್ರ ತಪ್ಪದೆ ಓದಿ. ಹಿನ್ನೆಲೆ ಹೀಗಿದೆ. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ರಾಜ್ಯ ನಿಷೇಧಿಸಿತ್ತು. ಅಕ್ಟೋಬರ್‌ನಲ್ಲಿ ಅದು ಜಾರಿಗೆ ಬಂದಾಗ ಡ್ರೀಮ್11 ಕರ್ನಾಟಕದಲ್ಲಿ ಆಟ ನಿಲ್ಲಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದ್ದೇ ಮುಖ್ಯ ಆಕ್ಷೇಪ. ಆದರೆ ಸಂವಿಧಾನಕ್ಕೆ ಒಪ್ಪುವಂತೆ ಹೊಸ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. ಮೂರೂವರೆ ವರ್ಷದ ನಂತರ ಸಂಸತ್ತು ಮಾಡಿದ್ದು ಹೆಚ್ಚು ಕಡಿಮೆ ಆ ರದ್ದಾದ ತಿದ್ದುಪಡಿಯ ಕೆಲಸವನ್ನೇ, ಇನ್ನೂ ದೊಡ್ಡ ಮಟ್ಟದಲ್ಲಿ. ಹಾಗಾಗಿ ಈ ತೀರ್ಪನ್ನು ಒಂದು ಕೈಯಲ್ಲಿ, ಕಾಯ್ದೆಯನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಓದಬೇಕು.

ತೀರ್ಪು ಓದುವುದಕ್ಕೆ ಒಂದು ಕ್ರಮ ಹೇಳುತ್ತೇನೆ. ಮೊದಲ ಪುಟದಿಂದ ಹಟ ಹಿಡಿದು ಓದಬೇಡಿ, ನಿದ್ದೆ ಬರುತ್ತದೆ. ಏನಾಯಿತು ಅನ್ನುವ ಭಾಗ ಓದಿ. ಕೋರ್ಟಿನ ಮುಂದಿರುವ ಪ್ರಶ್ನೆ ಯಾವುದು ಅನ್ನುವ ಕಡೆ ಗುರುತು ಹಾಕಿ. ನೇರ ಕೊನೆಗೆ ಹೋಗಿ ಆದೇಶ ನೋಡಿ. ಆಮೇಲೆ ಹಿಂದಕ್ಕೆ ಬಂದು, ಆ ಆದೇಶಕ್ಕೆ ಕಾರಣ ಕೊಟ್ಟಿರುವ ಪ್ಯಾರಾಗಳನ್ನು ಮಾತ್ರ ನಿಧಾನವಾಗಿ ಓದಿ. ನಡುವಿನ ಉದ್ಧರಣೆಗಳನ್ನು ಬಿಟ್ಟರೂ ನಷ್ಟವಿಲ್ಲ. ಮುಕ್ಕಾಲು ಗಂಟೆಯಂತೆ ಎರಡು ಮೂರು ರಾತ್ರಿಗೆ ಒಂದು ತೀರ್ಪು ಮುಗಿಯುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ, ದುಡ್ಡಿನ ಲೆಕ್ಕ. ಇಲ್ಲಿ ಓದಬೇಕಾದದ್ದು ಜಿಎಸ್‌ಟಿ ಮಂಡಳಿಯ ಸಭೆಗಳ ನಂತರ ಬಂದ ಪತ್ರಿಕಾ ಪ್ರಕಟಣೆಗಳು. 2023ರ ಜುಲೈ 11ರ 50ನೇ ಸಭೆ, ಆಗಸ್ಟ್ 2ರ 51ನೇ ಸಭೆ, 2025ರ ಸೆಪ್ಟೆಂಬರ್ 3ರ 56ನೇ ಸಭೆ. ಇವು ಚಿಕ್ಕವು. ಆದರೆ ಕೈಯಲ್ಲಿ ಹಾಳೆ ಹಿಡಿದು ಲೆಕ್ಕ ಹಾಕದಿದ್ದರೆ ಓದಿಯೂ ಪ್ರಯೋಜನವಿಲ್ಲ.

ಹೀಗೆ ಮಾಡಿ. ಒಬ್ಬ 100 ರೂಪಾಯಿ ಕಟ್ಟುತ್ತಾನೆ ಅಂದುಕೊಳ್ಳಿ. ಕಂಪನಿ ಅದರಲ್ಲಿ 15 ರೂಪಾಯಿ ತನ್ನ ಶುಲ್ಕ ಅಂತ ಇಟ್ಟುಕೊಂಡು 85 ರೂಪಾಯಿಯನ್ನು ಬಹುಮಾನದ ಮೊತ್ತಕ್ಕೆ ಸೇರಿಸುತ್ತದೆ. ಹಿಂದೆ ಕಂಪನಿಗಳು ತಮ್ಮ ಶುಲ್ಕದ ಮೇಲೆ ಮಾತ್ರ ಶೇ 18 ಕಟ್ಟುತ್ತಿದ್ದವು. 15ಕ್ಕೆ ಶೇ 18 ಅಂದರೆ 2 ರೂಪಾಯಿ 70 ಪೈಸೆ. 2023ರ ಅಕ್ಟೋಬರ್ 1ರಿಂದ ಲೆಕ್ಕ ಬದಲಾಯಿತು. ಕಟ್ಟಿದ ಪೂರ್ತಿ 100ಕ್ಕೆ ಶೇ 28, ಅಂದರೆ 28 ರೂಪಾಯಿ. ಕಂಪನಿಯ ಇಡೀ ಶುಲ್ಕಕ್ಕಿಂತ ಹೆಚ್ಚಾಯಿತು ಅಲ್ವಾ? ಗೆದ್ದ ಹಣದಲ್ಲೇ ಮತ್ತೆ ಆಡಿದರೆ ಅದಕ್ಕೆ ಪುನಃ ತೆರಿಗೆ ಬೇಡ, ಹೊಸದಾಗಿ ಹಾಕಿದ ಹಣಕ್ಕೆ ಮಾತ್ರ, ಎಂದು 51ನೇ ಸಭೆ ಸ್ವಲ್ಪ ಸಡಿಲಿಸಿತು. ಇಷ್ಟು ಸಾಲದು ಅಂತ, ಗೆದ್ದವನ ನಿವ್ವಳ ಲಾಭದ ಮೇಲೆ ಶೇ 30 ಆದಾಯ ತೆರಿಗೆ, 2023ರ ಏಪ್ರಿಲ್‌ನಿಂದ. 56ನೇ ಸಭೆಯಲ್ಲಿ ಜಿಎಸ್‌ಟಿ ದರ ಶೇ 40ಕ್ಕೆ ಹೋಯಿತು. ಅಷ್ಟರಲ್ಲಿ ಆಟವೇ ನಿಷೇಧವಾಗಿತ್ತು. ಇದನ್ನು ಬೋರ್ಡಿನ ಮೇಲೆ ಬರೆದು, ಈ ತೆರಿಗೆಯ ಭಾರ ಕೊನೆಗೆ ಯಾರ ತಲೆ ಮೇಲೆ ಬೀಳುತ್ತದೆ ಅಂತ ಹುಡುಗರನ್ನು ಕೇಳಿ. ಪಠ್ಯಪುಸ್ತಕದ ಒಂದು ಅಧ್ಯಾಯ ಅಲ್ಲೇ ಮುಗಿಯುತ್ತದೆ.

ಇದರ ಜೊತೆಗೆ ಗೇಮ್ಸ್‌ಕ್ರಾಫ್ಟ್ ಪ್ರಕರಣ ನೋಡಿ. ಬೆಂಗಳೂರಿನ ರಮ್ಮಿ ಕಂಪನಿ. 2022ರಲ್ಲಿ ಅದಕ್ಕೆ ಬಂದ ಜಿಎಸ್‌ಟಿ ನೋಟಿಸಿನ ಮೊತ್ತ ಸುಮಾರು 21,000 ಕೋಟಿ ರೂಪಾಯಿ. ಶೇ 28ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ನೋಟಿಸಿನಲ್ಲಿ ಲೆಕ್ಕಕ್ಕೆ ಹಿಡಿದ ಸುಮಾರು ಐದು ವರ್ಷಗಳಲ್ಲಿ ಒಂದು ಕಂಪನಿಯ ಮೇಜುಗಳಲ್ಲಿ ಸುತ್ತಿದ ಪಣದ ಹಣ ಸುಮಾರು 75,000 ಕೋಟಿ. ಈ ಸಂಖ್ಯೆ ನೋಡಿದಾಗ ಎದೆ ಧಸಕ್ ಅನ್ನುತ್ತದೆ. ಆದರೆ ತಾಳಿ. ಒಂದೇ ನೂರು ರೂಪಾಯಿ ಹತ್ತು ಆಟ ಸುತ್ತಿದರೆ ಸಾವಿರ ಅಂತ ಎಣಿಕೆಯಾಗುತ್ತದೆ. ಜನ ಕಳೆದುಕೊಂಡದ್ದು ಬೇರೆ, ಪಣವಾಗಿ ಸುತ್ತಿದ್ದು ಬೇರೆ. ಕರ್ನಾಟಕ ಹೈಕೋರ್ಟ್ 2023ರ ಮೇನಲ್ಲಿ ಆ ನೋಟಿಸ್ ರದ್ದು ಮಾಡಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಸರ್ಕಾರ ಕೊಟ್ಟ ಸಂಖ್ಯೆಯನ್ನೂ ಇದೇ ಕಣ್ಣಿನಲ್ಲಿ ನೋಡಬೇಕು. ಮಸೂದೆ ಬಂದಾಗ ಹೇಳಿದ್ದು: 45 ಕೋಟಿ ಜನ ಈ ಆಟಗಳಿಂದ ವರ್ಷಕ್ಕೆ ಸುಮಾರು 20,000 ಕೋಟಿ ಕಳೆದುಕೊಳ್ಳುತ್ತಿದ್ದಾರೆ. ಭಾಗಿಸಿ ನೋಡಿ. ತಲೆಗೆ ವರ್ಷಕ್ಕೆ 444 ರೂಪಾಯಿ. ತಿಂಗಳಿಗೆ 37. ಇಷ್ಟಕ್ಕೆ ಯಾರೂ ಮನೆ ಮಾರುವುದಿಲ್ಲ. ಆದರೂ ಮನೆ ಮಾರಿದವರು ಇದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಹಾಗಾದರೆ ಅರ್ಥ ಏನು? ಸರಾಸರಿ ಇಲ್ಲಿ ಏನನ್ನೂ ಹೇಳುತ್ತಿಲ್ಲ. ಬಹಳ ಜನ ಹತ್ತಿಪ್ಪತ್ತು ರೂಪಾಯಿ ಕಳೆದುಕೊಂಡು ಸುಮ್ಮನಾಗುತ್ತಾರೆ, ಕೆಲವರು ಸರ್ವಸ್ವವನ್ನೂ ಕಳೆದುಕೊಳ್ಳುತ್ತಾರೆ. ನಮಗೆ ಬೇಕಾದದ್ದು ಆ ಕೆಲವರ ಲೆಕ್ಕ. ಯಾವ ಆಟಗಾರ ಎಷ್ಟು ಸೋತ ಅನ್ನುವುದು ಪ್ರತಿ ಕಂಪನಿಯ ಕಂಪ್ಯೂಟರಿನಲ್ಲಿ ಪೈಸೆ ಲೆಕ್ಕದಲ್ಲಿದೆ. ಹೆಸರು ತೆಗೆದು ಆ ಲೆಕ್ಕವನ್ನು ಹೊರಗಿಡಿ ಅಂತ ಕಾನೂನೇ ಕೇಳಬೇಕಿತ್ತು. ಕೌಶಲವೋ ಅದೃಷ್ಟವೋ ಎಂಬ ವಾದಕ್ಕೆ ಇಷ್ಟು ವರ್ಷ ಕೊಟ್ಟೆವು. ಯಾರು ಎಷ್ಟು ಸೋಲುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೋರ್ಟಿನಲ್ಲೂ ಸಂಸತ್ತಿನಲ್ಲೂ ಸಾಕಷ್ಟು ಕೇಳಲೇ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವಾದ ಕೊರತೆ ಇದೇ. ನೀವು ಯಾವ ಕಾಗದ ಓದಿದರೂ ಈ ಪ್ರಶ್ನೆ ಜೊತೆಗಿಟ್ಟುಕೊಳ್ಳಿ.

ಕಂಪನಿಗಳ ಕಡೆಯ ಓದಿಗೆ ಷೇರು ಮಾರುಕಟ್ಟೆಯಲ್ಲಿ ನೋಂದಾಯಿತವಾದವುಗಳೇ ಒಳ್ಳೆಯದು, ಅವು ಹೂಡಿಕೆದಾರರಿಗೆ ಲೆಕ್ಕ ಒಪ್ಪಿಸಲೇಬೇಕು. ನಜಾರಾ ಟೆಕ್ನಾಲಜೀಸ್ 2021ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಪೋಕರ್‌ಬಾಜಿ ನಡೆಸುವ ಕಂಪನಿಯಲ್ಲಿ ಸುಮಾರು ಅರ್ಧದಷ್ಟು ಪಾಲಿಗೆ 2024ರಲ್ಲಿ 800 ಕೋಟಿಗೂ ಹೆಚ್ಚು ಹಾಕಿತು. ಮುಂದಿನ ಆಗಸ್ಟ್‌ನಲ್ಲೇ ನಿಷೇಧ ಬಂತು, ಷೇರು ಜೋರಾಗಿ ಬಿತ್ತು. ಕ್ಯಾಸಿನೊ ನಡೆಸುವ ಡೆಲ್ಟಾ ಕಾರ್ಪ್‌ಗೆ 2023ರ ಸೆಪ್ಟೆಂಬರ್‌ನಲ್ಲಿ ಬಂದ ತೆರಿಗೆ ನೋಟಿಸುಗಳ ಮೊತ್ತ 16,000 ಕೋಟಿ ದಾಟಿತ್ತು, ಕಂಪನಿಯ ಒಟ್ಟು ಷೇರು ಮೌಲ್ಯಕ್ಕಿಂತ ಎಷ್ಟೋ ಜಾಸ್ತಿ. ಇಂಥ ಕಂಪನಿಗಳ ವಾರ್ಷಿಕ ವರದಿ ತೆರೆದಾಗ ಮುಂದಿನ ಬಣ್ಣದ ಪುಟಗಳನ್ನು ದಾಟಿ ಹೋಗಿ. ಅಪಾಯಗಳ ಪಟ್ಟಿ, ಲೆಕ್ಕಪತ್ರದ ಕೆಳಗಿನ ಟಿಪ್ಪಣಿ, ಮುಂದೆ ಬೀಳಬಹುದಾದ ಹೊಣೆ, ಈ ಮೂರು ಕಡೆ ನಿಜ ಇರುತ್ತದೆ. ಉದ್ಯಮ ಇಷ್ಟು ಲಕ್ಷ ಕೋಟಿ ಬೆಳೆಯುತ್ತದೆ ಎಂದು ಹೇಳುವ ಹೊಳೆಯುವ ವರದಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಿಗೆ ಹಣ ಕೊಟ್ಟವರು ಯಾರು ಎಂದು ಮೊದಲು ನೋಡಿ. ಉದ್ಯಮದ ಸಂಘವೇ ಕೊಟ್ಟಿದ್ದರೆ ನಿಮ್ಮ ಮುಕ್ಕಾಲು ಗಂಟೆ ಅದಕ್ಕೆ ಕೊಡಬೇಡಿ.

ಕ್ರೀಡೆಯ ಪಾಲು ಎಲ್ಲಿ ಅಂತ ಕೇಳಬಹುದು. ಭಾರತ ತಂಡದ ಜೆರ್ಸಿಯ ಎದೆ ಮೇಲಿನ ಹೆಸರುಗಳನ್ನು ಸಾಲಾಗಿ ಬರೆದುಕೊಳ್ಳಿ. 1990ರ ದಶಕದಲ್ಲಿ ಸಿಗರೇಟಿನ ವಿಲ್ಸ್. ಆಮೇಲೆ ಸಹಾರಾ. 2014ರಿಂದ ಟಿವಿ ಕಂಪನಿ ಸ್ಟಾರ್, 2017ರಿಂದ ಚೀನಾದ ಮೊಬೈಲ್ ಕಂಪನಿ ಒಪ್ಪೊ, 2019ರಿಂದ ಬೆಂಗಳೂರಿನ ಬೈಜೂಸ್, 2023ರಿಂದ ಡ್ರೀಮ್11. ಯಾವ ಕಾಲದಲ್ಲಿ ಯಾರ ಹತ್ತಿರ ದುಡ್ಡು ಓಡಾಡುತ್ತಿತ್ತು ಅನ್ನುವುದು ಆ ಸಾಲಿನಲ್ಲೇ ಇದೆ. ಸಹಾರಾ ಹೂಡಿಕೆದಾರರ ಹಣದ ವಿವಾದದಲ್ಲಿ ಸಿಕ್ಕಿಕೊಂಡಿತು. ಬೈಜೂಸ್ ಮೇಲೆ 158 ಕೋಟಿ ಬಾಕಿಗಾಗಿ ಬಿಸಿಸಿಐಯೇ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಹೋಯಿತು. ಡ್ರೀಮ್11 ಮೂರು ವರ್ಷಕ್ಕೆ 358 ಕೋಟಿ ಒಪ್ಪಿಕೊಂಡಿದ್ದು, ಕಾಯ್ದೆ ಬಂದ ಕೂಡಲೇ ಹಿಂದೆ ಸರಿಯಿತು. 2025ರ ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ನಮ್ಮ ಹುಡುಗರು ಪ್ರಾಯೋಜಕರಿಲ್ಲದ ಜೆರ್ಸಿ ತೊಟ್ಟು ಆಡಿದರು. ಟೂರ್ನಿ ನಡೆಯುತ್ತಿದ್ದಾಗಲೇ ಅಪೋಲೊ ಟಯರ್ಸ್ ಜೊತೆ 579 ಕೋಟಿಯ ಹೊಸ ಒಪ್ಪಂದವಾಯಿತು. ಅದಕ್ಕಾಗಿ ಬಿಸಿಸಿಐ ಹೊರಡಿಸಿದ ಆಹ್ವಾನ ಪತ್ರ ಹುಡುಕಿ ಓದಿ. ಹಣದ ಆಟ, ಬೆಟ್ಟಿಂಗ್, ಕ್ರಿಪ್ಟೊ ಕಂಪನಿಗಳಿಗೆ ಪ್ರವೇಶವಿಲ್ಲ ಎಂದು ಅದರಲ್ಲಿದೆ.

ಇಲ್ಲಿ ಎರಡು ವರದಿಗಳು ಓದಲೇಬೇಕಾದವು. ಒಂದು, 2016ರ ಜನವರಿಯಲ್ಲಿ ನ್ಯಾಯಮೂರ್ತಿ ಆರ್‌.ಎಂ. ಲೋಧಾ ಸಮಿತಿ ಬಿಸಿಸಿಐ ಸುಧಾರಣೆಗೆ ಕೊಟ್ಟ ವರದಿ. ಇನ್ನೊಂದು, 2018ರ ಜುಲೈನಲ್ಲಿ ಕಾನೂನು ಆಯೋಗ ಜೂಜು ಮತ್ತು ಕ್ರೀಡಾ ಬೆಟ್ಟಿಂಗ್ ಬಗ್ಗೆ ಕೊಟ್ಟ 276ನೇ ವರದಿ. ಬೆಟ್ಟಿಂಗ್ ಅನ್ನು ಕಾನೂನುಬದ್ಧ ಮಾಡಿ ಕಟ್ಟುನಿಟ್ಟಿನ ನಿಗಾ ಇಡಿ ಎಂದು ಲೋಧಾ ಸಮಿತಿ ಹೇಳಿತ್ತು. ಆಯೋಗ ಹೇಳಿದ್ದು ಸ್ವಲ್ಪ ಬೇರೆ: ನಿಷೇಧವೇ ಮೇಲು, ಆದರೆ ಪೂರ್ತಿ ತಡೆಯಲಾಗದಿದ್ದರೆ ಬಿಗಿಯಾಗಿ ನಿಯಂತ್ರಿಸಿ. ಒಂದೇ ಸಮಸ್ಯೆಗೆ ಬುದ್ಧಿವಂತರು ಬೇರೆ ಬೇರೆ ಉತ್ತರ ಕೊಟ್ಟಿದ್ದು ಓದಿದಾಗ ನಮ್ಮ ಅಭಿಪ್ರಾಯಕ್ಕೂ ಸಾಣೆ ಹಿಡಿದಂತಾಗುತ್ತದೆ. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಕ್ರಿಕೆಟ್‌ನ ಫಿಕ್ಸಿಂಗ್ ಹಗರಣದ ನಂತರ 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಕೊಟ್ಟ ಒಂದು ತೀರ್ಪೂ ಇದೆ. ಮ್ಯಾಚ್ ಫಿಕ್ಸಿಂಗ್ ಅನ್ನು ಐಪಿಸಿಯ 420ರ ಅಡಿ ವಂಚನೆ ಎನ್ನಲಾಗದು, ಶಿಸ್ತುಕ್ರಮ ಬಿಸಿಸಿಐ ಕೈಯಲ್ಲಿದೆ, ಎಂದಿತು ಕೋರ್ಟ್. ಟಿಕೆಟ್ ಕೊಂಡು ಬಂದ ಪ್ರೇಕ್ಷಕನಿಗೆ ಕಾನೂನಿನಲ್ಲಿ ಏನೂ ಇಲ್ಲವಾ ಎಂದು ಓದಿದವರಿಗೆ ಬೇಜಾರಾಗುತ್ತದೆ. ಬೇಜಾರಾಗಬೇಕಾದದ್ದೇ.

ರಾಜಕೀಯದ ಓದು ಅಂದರೆ ಭಾಷಣ ಕೇಳುವುದಲ್ಲ, ಸದನದ ನಡಾವಳಿ ಓದುವುದು. 2025ರ ಆಗಸ್ಟ್ 20ರಂದು ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು, ಅದೇ ದಿನ ಗದ್ದಲದ ನಡುವೆ ಧ್ವನಿಮತದಲ್ಲಿ ಅಂಗೀಕಾರವಾಯಿತು. 21ಕ್ಕೆ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿ ಅಂಕಿತ. ಮಸೂದೆಯನ್ನು ಬಿಡಿಸಿ ನೋಡುವ ಸಂಸದರ ಸ್ಥಾಯಿ ಸಮಿತಿಗೆ ಹೋಗಲೇ ಇಲ್ಲ. ಸರ್ಕಾರ ಕೈ ಹಾಕಿದ್ದು ಸರಿ ಎಂದೇ ನಾನು ನಂಬುತ್ತೇನೆ, ಮನೆಗಳು ಹಾಳಾಗುವಾಗ ಕೈಕಟ್ಟಿ ಕೂರಲಾಗದು. ಆದರೆ ಕೋಟ್ಯಂತರ ಜನರನ್ನೂ ಇಡೀ ಉದ್ಯಮವನ್ನೂ ಮುಟ್ಟುವ ಕಾನೂನು ಮೂರು ದಿನದಲ್ಲಿ ಆಗಬಾರದು. ಸಮಿತಿಗೆ ಹೋಗಿದ್ದರೆ ಆ ಸೋಲಿನ ಲೆಕ್ಕ ಮೇಜಿನ ಮೇಲೆ ಬರುತ್ತಿತ್ತು.

ಇನ್ನೊಂದು ಎಳೆ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ಅದರ ರಾಜ್ಯಪಟ್ಟಿಯ 34ನೇ ನಮೂದು: ಬಾಜಿ ಮತ್ತು ಜೂಜು. ಅಂದರೆ ಇದರ ಮೇಲೆ ಕಾನೂನು ಮಾಡುವುದು ರಾಜ್ಯದ ಅಧಿಕಾರ. ಹಾಗಿದ್ದೂ ಕೇಂದ್ರ ಹೇಗೆ ಮಾಡಿತು? ಕರ್ನಾಟಕ ಹೈಕೋರ್ಟ್ ಸೇರಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಅಲ್ಲಿಯ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. ತಮಿಳುನಾಡು ತನ್ನದೇ ದಾರಿ ಹಿಡಿದಿತ್ತು. ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ಆಟ ಬಂದ್ ಎಂಬ ಅದರ ನಿಯಮವನ್ನು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿದಿತ್ತು. ನಿಷೇಧಕ್ಕೂ ಪೂರ್ತಿ ಸ್ವಾತಂತ್ರ್ಯಕ್ಕೂ ನಡುವೆ ಏನೆಲ್ಲ ಸಾಧ್ಯ ಅಂತ ತಿಳಿಯಲು ಆ ತೀರ್ಪು ಓದಿ.

ಸಮಯ ಸಿಕ್ಕರೆ, ಚುನಾವಣಾ ಆಯೋಗ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ, ಪಕ್ಷಗಳಿಗೆ ದೇಣಿಗೆ ಕೊಡಲು ಬಳಸುತ್ತಿದ್ದ ಚುನಾವಣಾ ಬಾಂಡ್‌ಗಳ ಪಟ್ಟಿಯನ್ನೂ ತೆರೆಯಿರಿ. ಅತಿ ಹೆಚ್ಚು ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ, ಫ್ಯೂಚರ್ ಗೇಮಿಂಗ್, 1,368 ಕೋಟಿ. ಲಾಟರಿ ಮತ್ತು ಆನ್‌ಲೈನ್ ಆಟ ಒಂದೇ ಅಲ್ಲ, ಬೆರೆಸಬಾರದು. ಆದರೆ ಅದೃಷ್ಟ ಮಾರುವ ವ್ಯಾಪಾರಕ್ಕೂ ರಾಜಕೀಯಕ್ಕೂ ನಡುವೆ ಎಷ್ಟು ಹಣ ಹರಿಯಬಲ್ಲದು ಎಂಬುದು ಅಲ್ಲಿ ಕಾಣುತ್ತದೆ.

ತಂತ್ರಜ್ಞಾನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತೆರೆದ ದಾಖಲೆ ಕಡಿಮೆ. ಯುಪಿಐ ನಡೆಸುವ ಎನ್‌ಪಿಸಿಐ ಪ್ರತಿ ತಿಂಗಳು ಯಾವ ಬಗೆಯ ವ್ಯಾಪಾರಕ್ಕೆ ಎಷ್ಟು ಪಾವತಿಯಾಯಿತು ಅಂತ ಪಟ್ಟಿ ಹಾಕುತ್ತದೆ. ಅದರಲ್ಲಿ ಡಿಜಿಟಲ್ ಆಟಗಳಿಗೆ ಬೇರೆಯದೇ ಸಾಲು ಇದೆ. 2025ರ ಜುಲೈನಿಂದ ತಿಂಗಳು ತಿಂಗಳು ಆ ಸಾಲನ್ನು ಹೋಲಿಸಿ ಗ್ರಾಫ್ ಹಾಕಿಸಿ, ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಆದರೆ ಅದು ಇಳಿದ ಮಾತ್ರಕ್ಕೆ ಆಟ ನಿಂತಿತು ಎನ್ನಲಾಗದು. ಹೊರದೇಶದಿಂದ ನಡೆಯುವ ಬೆಟ್ಟಿಂಗ್ ತಾಣಗಳಿವೆ. 2022ರಿಂದ ಕೇಂದ್ರ ಐಟಿ ಸಚಿವಾಲಯ 1,400ಕ್ಕೂ ಹೆಚ್ಚು ತಾಣಗಳಿಗೆ ತಡೆ ಆದೇಶ ಹೊರಡಿಸಿತ್ತು, ಒಂದು ಮುಚ್ಚಿದರೆ ಬೇರೆ ಹೆಸರಲ್ಲಿ ಇನ್ನೊಂದು ಬರುತ್ತದೆ. ನಿಷೇಧ ಗೆದ್ದಿತೋ ಸೋತಿತೋ ತಿಳಿಯಲು ಈ ಕಡೆಯ ಲೆಕ್ಕವೂ ಬೇಕು. ಸಂಸತ್ತಿನಲ್ಲಿ ಸಚಿವರು ಕೊಡುವ ಲಿಖಿತ ಉತ್ತರಗಳಲ್ಲಿ ಅದು ಆಗಾಗ ಸಿಗುತ್ತದೆ.

ಕೊನೆಗೆ ನಿಮ್ಮ ಇನ್ನೊಂದು ಪ್ರಶ್ನೆ, ಕನ್ನಡದಲ್ಲಿ ಸಿಗುತ್ತದಾ ಅಂತ. ಒಂದಿಷ್ಟು ಸಿಗುತ್ತದೆ. ಸುಪ್ರೀಂ ಕೋರ್ಟ್ ತನ್ನ ಕೆಲವು ತೀರ್ಪುಗಳ ಕನ್ನಡ ಅನುವಾದವನ್ನು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿ ಮುಖ್ಯ ಪ್ರಕಟಣೆಗಳನ್ನು ಕನ್ನಡದಲ್ಲೂ ಹೊರಡಿಸುತ್ತದೆ. ರಾಜ್ಯದ ಕಾಯ್ದೆಗಳು, ವಿಧಾನಮಂಡಲದ ನಡಾವಳಿ ಕನ್ನಡದಲ್ಲೇ ಇವೆ. ಆದ್ದರಿಂದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯನ್ನು ಸದನದಲ್ಲಿ ಯಾರು ಹೇಗೆ ಸಮರ್ಥಿಸಿದರು, ಯಾರು ವಿರೋಧಿಸಿದರು ಅಂತ ಕನ್ನಡದಲ್ಲೇ ಓದಬಹುದು. ಕೇಂದ್ರದ ಕಾಯ್ದೆ ಮತ್ತು ಹೈಕೋರ್ಟ್ ತೀರ್ಪುಗಳಿಗೆ ಹೆಚ್ಚಾಗಿ ಇಂಗ್ಲಿಷೇ ಗತಿ. ಇಂಡಿಯಾ ಕೋಡ್ ತಾಣದಲ್ಲಿ ಕಾಯ್ದೆಗಳು, ಹೈಕೋರ್ಟಿನ ತಾಣದಲ್ಲಿ ತೀರ್ಪುಗಳು ದುಡ್ಡಿಲ್ಲದೆ ಸಿಗುತ್ತವೆ. ಪಿಆರ್‌ಎಸ್ ಸಂಸ್ಥೆ ಪ್ರತಿ ಮಸೂದೆಗೆ ಸರಳ ಇಂಗ್ಲಿಷಿನಲ್ಲಿ ಒಂದೆರಡು ಪುಟದ ಸಾರಾಂಶ ಹಾಕುತ್ತದೆ. ನಿಧಾನವಾಗಿ ಓದುವವರು ಮೊದಲು ಅದನ್ನು ಓದಿಕೊಂಡರೆ ಕಾಯ್ದೆ ಸಲೀಸಾಗುತ್ತದೆ.

ಇದನ್ನೆಲ್ಲ ಕ್ಲಾಸಿಗೆ ತಂದಾಗ ಯಾವನಾದರೂ ಹುಡುಗ ಪಾಠ ಮುಗಿದ ಮೇಲೆ ಹಿಂದೆ ನಿಂತು, ನಾನೂ ಸಾಲ ಮಾಡಿಕೊಂಡಿದ್ದೇನೆ ಸರ್ ಅಂದರೆ ಬೈಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಈ ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಮೊದಲ ದಿನವೇ ಬರೆದಿಟ್ಟರೆ, ಕೇಳಲು ಹಿಂಜರಿಯುವ ಹುಡುಗನೂ ಬರೆದುಕೊಂಡು ಹೋಗುತ್ತಾನೆ.